ಮರಳಿ ಬರುತ್ತಾಳೆಂದು ಬರೆದುಕೊಡಿ

ನಮ್ಮ ಕರಾವಳಿಯ ಮುಸ್ಲಿಂ ಮನೆಗಳಿಗೆ ಕಾಯುವುದು ಹೊಸತೇನಲ್ಲ. ಎಪ್ಪತ್ತರ ದಶಕದಿಂದೀಚೆಗೆ ಗಂಡಸರು ದುಬೈ, ದಮ್ಮಾಮ್, ಕುವೈತ್ ಎಂದು ಹೊರಟರು, ಹೆಂಗಸರು ಕಾದರು. ಮೊದಲು ಏರ್‌ಮೇಲ್ ಕಾಗದ, ಆಮೇಲೆ ಮಾತು ತುಂಬಿಸಿ ಯಾರದೋ ಕೈಯಲ್ಲಿ ಕಳಿಸಿದ ಕ್ಯಾಸೆಟ್, ಆಮೇಲೆ ಎಸ್.ಟಿ.ಡಿ. ಬೂತ್, ಈಗ ಮೊಬೈಲ್. ಎರಡು ವರ್ಷಕ್ಕೊಮ್ಮೆ ಎರಡು ತಿಂಗಳ ರಜೆ. ಮಕ್ಕಳು ತಂದೆಯ ಹತ್ತಿರ ಸುಳಿಯುವಷ್ಟು ಸಲಿಗೆ ಬೆಳೆಯುವ ಹೊತ್ತಿಗೆ ರಜೆ ಮುಗಿದಿರುತ್ತಿತ್ತು. ಆದ್ದರಿಂದ 2022ರ ಡಿಸೆಂಬರಿನಲ್ಲಿ ನಮ್ಮ ಮಗಳ ನಿಕಾಹ್ ಕೆನಡಾದಲ್ಲಿ ಕೆಲಸದಲ್ಲಿರುವ ಹುಡುಗನೊಂದಿಗೆ ನಡೆದಾಗ ನಾವು, ಅಂದರೆ ಅವಳ ತಂದೆ ತಾಯಿ, ಕಾಯುವ ವಿಷಯಕ್ಕೆ ಹೆದರಿರಲಿಲ್ಲ. ಕಾಯುವುದಕ್ಕೂ ದಾಖಲೆ ಒದಗಿಸಬೇಕಾಗುತ್ತದೆ ಎಂಬುದು ಮಾತ್ರ ನಮಗೆ ಹೊಸ ಪಾಠವಾಯಿತು.

ಅಳಿಯ ಟೊರೊಂಟೊ ಪಕ್ಕದ ಮಿಸಿಸಾಗ ನಗರದಲ್ಲಿದ್ದಾರೆ. ಅಲ್ಲಿಯ ಖಾಯಂ ವಾಸಿ. ಕೆನಡಾದ ಪ್ರಜೆಯಾದವನು ಅಥವಾ ಅಲ್ಲಿಯೇ ನೆಲೆಸಿರುವ ಖಾಯಂ ವಾಸಿ ತನ್ನ ಹೆಂಡತಿಯನ್ನು ಅಥವಾ ಗಂಡನನ್ನು ಕರೆಸಿಕೊಳ್ಳಲು ಸರಕಾರಕ್ಕೆ ಅರ್ಜಿ ಹಾಕಬಹುದು. ಇದಕ್ಕೆ ಸ್ಪಾನ್ಸರ್‌ಶಿಪ್ ಎನ್ನುತ್ತಾರೆ. ಮೂರು ವರ್ಷಗಳ ಕಾಲ ಅವಳ ಊಟ, ಬಟ್ಟೆ, ವಸತಿಗೆ ತಾನೇ ಹೊಣೆ ಎಂದು ಗಂಡ ಬರೆದುಕೊಡಬೇಕು. ನಿಕಾಹಿನೊಂದಿಗೇ ಗಂಡನ ಹೆಗಲಿಗೆ ಬರುವ ಆ ಹೊಣೆಯನ್ನು ಬೇರೊಂದು ದೇಶದ ಸರಕಾರ ಸಹಿ ಹಾಕಿಸಿ ಇಟ್ಟುಕೊಳ್ಳುವುದು ನೋಡಿ ನಮಗೇನೂ ಬೇಸರವಾಗಲಿಲ್ಲ, ಸಮಾಧಾನವೇ ಆಯಿತು. 2023ರ ಫೆಬ್ರವರಿಯಲ್ಲಿ ಅರ್ಜಿ ಹೋಯಿತು. ಇಂಥ ಅರ್ಜಿಗಳನ್ನು ಹನ್ನೆರಡು ತಿಂಗಳೊಳಗೆ ಇತ್ಯರ್ಥ ಮಾಡುವುದೆಂದು 2016ರ ಡಿಸೆಂಬರಿನಲ್ಲಿ ಆ ಸರಕಾರ ಗುರಿ ಹಾಕಿಕೊಂಡಿತ್ತು. ಗುರಿ ಎಂದರೆ ಗುರಿ, ಭರವಸೆಯಲ್ಲ ಎಂಬುದು ಕಾಯುವವರಿಗೆ ನಿಧಾನವಾಗಿ ತಿಳಿಯುತ್ತದೆ.

ಆ ಅರ್ಜಿಯ ಜೊತೆ ಒಂದು ಪ್ರಶ್ನಾವಳಿ ಇದೆ. ಗಂಡ ಹೆಂಡತಿಗೆ ಪರಸ್ಪರ ಪರಿಚಯ ಹೇಗಾಯಿತು, ಮದುವೆ ಎಲ್ಲಿ ಹೇಗೆ ನಡೆಯಿತು, ಯಾರು ಯಾರು ಬಂದಿದ್ದರು ಎಂದೆಲ್ಲ ಕೇಳುತ್ತಾರೆ. ಫೋಟೋಗಳನ್ನೂ ಕೇಳುತ್ತಾರೆ. ಮದುವೆಗೆ ಎಂಟುನೂರು ಮಂದಿ ಬಂದಿದ್ದರು, ಫೋಟೋ ಮಾತ್ರ ಇರಲಿಲ್ಲ. ಇದ್ದ ಫೋಟೋಗಳಲ್ಲಿ ಮದುಮಗನಿದ್ದ, ಖಾಝಿಯವರಿದ್ದರು, ವಲಿಯಾಗಿ ತಂದೆಯ ಕೈ ಮದುಮಗನ ಕೈಯಲ್ಲಿತ್ತು, ಹಿಂದೆ ಜಮಾಅತಿನ ಹಿರಿಯರು ಸಾಲಾಗಿ ಕುಳಿತಿದ್ದರು. ಮದುಮಗಳು ಎಲ್ಲಿ? ಅದೇ ಹಾಲಿನ ಮೇಲಿನ ಅಂತಸ್ತಿನಲ್ಲಿ, ಹೆಂಗಸರ ನಡುವೆ. ನಮ್ಮ ಎಲ್ಲ ಮದುವೆಗಳೂ ಹೀಗೆಯೇ. ಆದರೆ ಕಡತ ನೋಡುವ ಅಧಿಕಾರಿಗೆ ಇದು ಹೆಣ್ಣಿಲ್ಲದ ಮದುವೆಯಾಗಿ ಕಾಣುತ್ತದೆ.

ಇದು ನಗುವ ವಿಷಯವಲ್ಲ. 2015ರ ಜೂನಿನಿಂದ ಕೆನಡಾದ ವಲಸೆ ನಿಯಮಗಳಲ್ಲಿ ಒಂದು ಬದಲಾವಣೆಯಾಗಿದೆ. ಮದುವೆಯ ವಿಧಿ ನಡೆಯುವಾಗ ಗಂಡು ಹೆಣ್ಣು ಇಬ್ಬರೂ ಖುದ್ದಾಗಿ ಹಾಜರಿರಬೇಕು. ವಕೀಲರ ಮೂಲಕ, ಫೋನಿನಲ್ಲಿ, ಇಂಟರ್‌ನೆಟ್ಟಿನಲ್ಲಿ ನಡೆದ ಮದುವೆಯನ್ನು ವಲಸೆಯ ಉದ್ದೇಶಕ್ಕೆ ಅವರು ಮದುವೆಯೆಂದು ಎಣಿಸುವುದಿಲ್ಲ. ಹುಡುಗನಿಗೆ ರಜೆ ಸಿಗಲಿಲ್ಲ, ವಕಾಲತ್ತಿನಲ್ಲಿ ನಿಕಾಹ್ ಮುಗಿಸೋಣ ಎಂದು ಹೊರಡುವ ಕುಟುಂಬಗಳು ನಮ್ಮಲ್ಲಿ ಈಗಲೂ ಇವೆ. ಫಿಖ್‌ಹಿನ ಪ್ರಕಾರ ಅದು ಸರಿಯೋ ಅಲ್ಲವೋ ಎಂಬುದನ್ನು ಉಲಮಾಗಳು ಹೇಳಲಿ. ಹುಡುಗ ಕೆನಡಾದವನಾದರೆ ವಿಮಾನದ ಟಿಕೆಟಿನ ಖರ್ಚು ಉಳಿಸಲು ಹೋಗಿ ಹುಡುಗಿಯ ಅರ್ಜಿಯೇ ಬಿದ್ದುಹೋಗುತ್ತದೆ ಎಂಬುದನ್ನು ಮಾತ್ರ ನಾವು ಹೇಳಬಲ್ಲೆವು. ನಮ್ಮ ಅಳಿಯ ಬಂದಿದ್ದರು, ಮೂರು ವಾರ ಇದ್ದರು. ಹಾಲಿನ ಅಂತಸ್ತುಗಳನ್ನು ವಿವರಿಸಿ, ಮಗಳ ಒಪ್ಪಿಗೆ ಕೇಳಿಬಂದ ಸಾಕ್ಷಿಗಳ ಹೇಳಿಕೆಯೊಂದಿಗೆ ಜಮಾಅತಿನ ಕಾರ್ಯದರ್ಶಿಯವರಿಂದ ಮೊಹರು ಹಾಕಿದ ಪತ್ರ ಬರೆಸಿದೆವು. ಮಸೀದಿಯ ನಿಕಾಹ್ ಪುಸ್ತಕದ ಪ್ರತಿಯಲ್ಲದೆ ಸರಕಾರಿ ನೋಂದಣಿ ಪತ್ರವನ್ನೂ ಮಾಡಿಸಿದೆವು. ಮುಸ್ಲಿಂ ದಂಪತಿಗಳಿಗೆ ವಿವಾಹ ಪ್ರಮಾಣಪತ್ರ ಕೊಡಲು ರಾಜ್ಯ ಸರಕಾರ 2023ರ ಆಗಸ್ಟಿನಲ್ಲಿ ವಕ್ಫ್ ಮಂಡಳಿಗೆ ಅಧಿಕಾರ ಕೊಟ್ಟದ್ದೂ 2024ರ ನವೆಂಬರಿನಲ್ಲಿ ಹೈಕೋರ್ಟು ಆ ಆದೇಶಕ್ಕೆ ತಡೆ ಕೊಟ್ಟದ್ದೂ ಓದುಗರಿಗೆ ನೆನಪಿರಬಹುದು. ಹೊರದೇಶದ ಕೆಲಸಕ್ಕೆ ವಿವಾಹ ನೋಂದಣಿ ಕಚೇರಿಯ ಕಾಗದವೇ ನೆಟ್ಟಗೆ.

ಅಳಿಯ ಹೋದರು. ಮಗಳು ತಾನು ಕಲಿಸುತ್ತಿದ್ದ ಶಾಲೆಗೆ ಮತ್ತೆ ಹೋಗತೊಡಗಿದಳು. ಮಿಸಿಸಾಗದ ರಾತ್ರಿ ನಮ್ಮ ಬೆಳಗು. ಫಜ್ರ್ ನಮಾಝಿನ ಹೊತ್ತಿಗೆ ಅವಳ ಕೋಣೆಯಿಂದ ಮೆಲ್ಲನೆ ಮಾತು ಕೇಳುತ್ತಿತ್ತು. ಖಲೀಫಾ ಉಮರ್ ಅವರ ಕಾಲದ ಒಂದು ಘಟನೆಯನ್ನು ನಮ್ಮ ಖತೀಬರು ಆಗಾಗ ಹೇಳುವುದುಂಟು. ರಾತ್ರಿ ಗಸ್ತಿನಲ್ಲಿ ಅವರು ಯುದ್ಧಕ್ಕೆ ಹೋದ ಸೈನಿಕನೊಬ್ಬನ ಮಡದಿಯ ವಿರಹದ ಮಾತು ಕೇಳಿಸಿಕೊಂಡರು. ಹೆಣ್ಣು ಗಂಡನಿಲ್ಲದೆ ಎಷ್ಟು ಕಾಲ ಸಹಿಸಬಲ್ಲಳು ಎಂದು ಮಗಳು ಹಫ್ಸಾರನ್ನು ಕೇಳಿದರು. ಆಮೇಲೆ ಸೈನಿಕರನ್ನು ಅಷ್ಟು ಕಾಲಕ್ಕಿಂತ ಹೆಚ್ಚು ಮನೆಯಿಂದ ದೂರ ಇಡಬಾರದೆಂದು ಆಜ್ಞೆ ಮಾಡಿದರು. ಆ ಅವಧಿ ನಾಲ್ಕು ತಿಂಗಳು ಎಂದು ಒಂದು ವರದಿ, ಆರು ತಿಂಗಳು ಎಂದು ಇನ್ನೊಂದು. ಗಲ್ಫಿನ ದುಡಿಮೆ ಬಂದ ಮೇಲೆ ನಮ್ಮ ಸಮುದಾಯ ಈ ಘಟನೆಯನ್ನು ಪ್ರವಚನದಲ್ಲಿ ಉಳಿಸಿಕೊಂಡಿದೆ, ಮನೆಯಲ್ಲಿ ಮರೆತಿದೆ.

ಮದುವೆಯಾಗಿ ನಾಲ್ಕನೇ ತಿಂಗಳು ನಡೆಯುತ್ತಿರುವಾಗ ಅಳಿಯ ಫೋನಿನಲ್ಲಿ ಹೇಳಿದರು: “ಮಾಮ, ಆ ಅರ್ಜಿ ಅದರ ಪಾಡಿಗೆ ಇರಲಿ. ನಡುವೆ ವಿಸಿಟರ್ ವೀಸಾಕ್ಕೆ ಹಾಕೋಣ. ರಜೆಯಲ್ಲಿ ಒಮ್ಮೆ ಬಂದು ಹೋಗಲಿ.”

ಗಲ್ಫನ್ನು ಕಂಡವರಿಗೆ ಇದು ಸುಲಭದ ಮಾತು. ಅಲ್ಲಿ ಗಂಡನ ಸಂಬಳ ನಿಗದಿಯಾದಷ್ಟಿದ್ದರೆ ಹೆಂಡತಿಯನ್ನು ಕರೆಸಿಕೊಳ್ಳಬಹುದು. ಅವಳು ಯಾಕೆ ಬರುತ್ತಾಳೆ ಎಂದು ಯಾರೂ ಕೇಳುವುದಿಲ್ಲ, ಗಂಡ ಅಲ್ಲಿದ್ದಾನಲ್ಲ! ದುಡಿಯಲು ಬಂದವನು ಒಂದಲ್ಲ ಒಂದು ದಿನ ಹೊರಡಲೇಬೇಕು ಎಂಬುದು ಆ ದೇಶಗಳ ಲೆಕ್ಕ. ನೆಲೆಯೂರುವ ದಾರಿಯೇ ಇಲ್ಲದ ಕಡೆ ಬಂದವರ ಮೇಲೆ ಸಂಶಯಪಡುವ ಅಗತ್ಯವಿಲ್ಲ. ಕೆನಡಾದಲ್ಲಿ ನೆಲೆಯೂರಬಹುದು, ಪ್ರಜೆಯೂ ಆಗಬಹುದು. ಆದ್ದರಿಂದಲೇ ನಾಲ್ಕು ದಿನಕ್ಕೆ ಬರುತ್ತೇನೆ ಎಂದವರನ್ನು ಆ ದೇಶ ಮೇಲಿನಿಂದ ಕೆಳಗಿನವರೆಗೆ ನೋಡುತ್ತದೆ. ಅಲ್ಲಿ ಗಂಡನಿದ್ದಾನೆ ಎನ್ನುವುದು ಗಲ್ಫಿನ ವಿಸಿಟ್ ವೀಸಾಕ್ಕೆ ಕಾರಣ, ಕೆನಡಾದ ವಿಸಿಟರ್ ವೀಸಾಕ್ಕೆ ಅಡ್ಡಿ.

ಈಗ ನಮ್ಮ ಮಗಳ ಹೆಸರಿನಲ್ಲಿ ಎರಡು ಕಡತಗಳಾಗಬೇಕು. ಒಂದರಲ್ಲಿ ಅವಳು, ನನ್ನ ಗಂಡನೊಂದಿಗೆ ಕೆನಡಾದಲ್ಲಿಯೇ ಬಾಳುತ್ತೇನೆ ಎಂದು ಸಹಿ ಹಾಕಿದ್ದಾಳೆ. ಇನ್ನೊಂದರಲ್ಲಿ, ವೀಸಾ ಅವಧಿ ಮುಗಿಯುವ ಮೊದಲು ಊರಿಗೆ ಮರಳುತ್ತೇನೆ ಎಂದು ಸಹಿ ಹಾಕಬೇಕು. ಮೇಲುನೋಟಕ್ಕೆ ಒಂದು ಸತ್ಯವಾದರೆ ಇನ್ನೊಂದು ಸುಳ್ಳು. ನಮಗೂ ಹಾಗೆಯೇ ಅನಿಸಿತ್ತು. ಆದರೆ ಕೆನಡಾದ ವಲಸೆ ಮತ್ತು ನಿರಾಶ್ರಿತರ ರಕ್ಷಣಾ ಕಾಯ್ದೆಯ 22ನೇ ಸೆಕ್ಷನಿನ ಎರಡನೇ ಉಪಸೆಕ್ಷನ್ ಇದನ್ನು ಸ್ಪಷ್ಟವಾಗಿಯೇ ಬಿಡಿಸಿದೆ. ಒಬ್ಬರಿಗೆ ಮುಂದೆ ಖಾಯಂ ವಾಸಿಯಾಗುವ ಉದ್ದೇಶವಿದೆ ಎಂಬ ಕಾರಣಕ್ಕೇ ತಾತ್ಕಾಲಿಕವಾಗಿ ಬರುವುದನ್ನು ತಡೆಯುವಂತಿಲ್ಲ, ಅವಧಿ ಮುಗಿದಾಗ ಹೊರಡುತ್ತಾರೆ ಎಂದು ಅಧಿಕಾರಿಗೆ ಮನವರಿಕೆಯಾದರೆ ಸಾಕು. ಅಲ್ಲಿಯವರು ಇದನ್ನು ಡ್ಯುಯಲ್ ಇಂಟೆಂಟ್ ಎನ್ನುತ್ತಾರೆ. ನಾವು ನಮ್ಮ ಭಾಷೆಯಲ್ಲಿ ಹೇಳುವುದಾದರೆ ಎರಡು ನಿಯ್ಯತ್. ಅನುಮತಿ ಸಿಕ್ಕಾಗ ಶಾಶ್ವತವಾಗಿ ಹೋಗುವ ನಿಯ್ಯತ್, ಸಿಗುವವರೆಗೆ ಹೋಗಿ ಬರುವ ನಿಯ್ಯತ್. ಎರಡೂ ಒಂದೇ ಹೃದಯದಲ್ಲಿ ಜಗಳವಿಲ್ಲದೆ ಇರಬಲ್ಲವು ಎಂದು ಕಾನೂನು ಬರೆದವರು ಒಪ್ಪಿದ್ದಾರೆ. ತೊಡಕಿರುವುದು ‘ಮನವರಿಕೆಯಾದರೆ’ ಎಂಬ ಮಾತಿನಲ್ಲಿ. ನಿಯ್ಯತ್ ಅಲ್ಲಾಹನಿಗೆ ಗೊತ್ತಿರುತ್ತದೆ. ವೀಸಾ ಅಧಿಕಾರಿಗೆ ಕಾಗದ ಬೇಕು.

ಅರ್ಜಿ ತುಂಬಿಸಿಕೊಡುವ ಒಬ್ಬ ಏಜೆಂಟರ ಬಳಿ ಹೋದೆವು. ಕಾಗದಗಳನ್ನು ನೋಡಿ ಅವರು ಅರ್ಧ ನಿಮಿಷದಲ್ಲಿ ಪರಿಹಾರ ಹೇಳಿದರು. “ಸ್ಪಾನ್ಸರ್‌ಶಿಪ್ ವಿಷಯ ಬರೆಯಲೇ ಬೇಡಿ. ಮದುವೆ ಆಗಿದೆ ಎಂದೂ ಬೇಡ. ಪಾಸ್‌ಪೋರ್ಟಿನಲ್ಲಿ ಇನ್ನೂ ತಂದೆಯ ಹೆಸರೇ ಉಂಟಲ್ಲ. ಸಂಬಂಧಿಕರ ಮನೆಗೆ ತಿರುಗಾಟಕ್ಕೆ ಎಂದು ಹಾಕುವ.” ನಮಗೆ ಸ್ವಲ್ಪ ಹೊತ್ತು ಮಾತೇ ಹೊರಡಲಿಲ್ಲ. ಖಾಝಿಯವರ ಮುಂದೆ, ಊರ ಮುಂದೆ, ಅಲ್ಲಾಹನನ್ನು ಸಾಕ್ಷಿಯಾಗಿಟ್ಟು ಕೊಟ್ಟ ಮಗಳನ್ನು ಕಾಗದದಲ್ಲಿ ಅವಿವಾಹಿತೆ ಎಂದು ಬರೆಯುವುದೇ? ಅವರು ಕೆಟ್ಟ ಮನುಷ್ಯರೇನೂ ಅಲ್ಲ, ದಿನಕ್ಕೆ ಹತ್ತು ಅರ್ಜಿ ನೋಡುವವರು, ಯಾವುದು ಪಾಸಾಗುತ್ತದೆ ಎಂಬುದಷ್ಟೇ ಅವರ ಲೆಕ್ಕ. ಆದರೆ ಆ ಲೆಕ್ಕವೂ ಸರಿಯಲ್ಲ. ಅರ್ಜಿಯಲ್ಲಿ ಸುಳ್ಳು ಹೇಳಿದ್ದು ಅಥವಾ ಮುಖ್ಯ ವಿಷಯ ಮುಚ್ಚಿಟ್ಟದ್ದು ಸಿಕ್ಕಿಬಿದ್ದರೆ ಅದೇ ಕಾಯ್ದೆಯ 40ನೇ ಸೆಕ್ಷನ್ ಪ್ರಕಾರ ಐದು ವರ್ಷ ಆ ದೇಶದ ಬಾಗಿಲು ಮುಚ್ಚುತ್ತದೆ. ಖಾಯಂ ವಾಸದ ಅರ್ಜಿಯನ್ನೂ ಆ ಐದು ವರ್ಷ ಹಾಕುವಂತಿಲ್ಲ. ಎರಡೂ ಕಡತಗಳು ಒಂದೇ ಇಲಾಖೆಯ ಕಂಪ್ಯೂಟರಿನಲ್ಲಿರುತ್ತವೆ. ಒಂದರಲ್ಲಿ ಮಡದಿ, ಇನ್ನೊಂದರಲ್ಲಿ ಕನ್ಯೆ! ನಾವು ಎದ್ದು ಬಂದೆವು.

ಮಗಳು ಮತ್ತು ಅಳಿಯ ಸೇರಿ ತಾವೇ ಅರ್ಜಿ ತುಂಬಿದರು. ವೀಸಾಕ್ಕೆ 100 ಡಾಲರ್, ಬೆರಳಚ್ಚು ಮತ್ತು ಭಾವಚಿತ್ರಕ್ಕೆ 85 ಡಾಲರ್. ಅರ್ಜಿ ತಿರಸ್ಕಾರವಾದರೆ ಈ ಹಣ ಹಿಂದೆ ಬರುವುದಿಲ್ಲ. ರಾತ್ರಿ ಬಸ್ಸಿನಲ್ಲಿ ಘಾಟಿ ಹತ್ತಿ ಬೆಂಗಳೂರಿಗೆ ಹೋಗಿ ಬೆರಳಚ್ಚು ಕೊಟ್ಟು ಅಂದೇ ರಾತ್ರಿ ಹಿಂದೆ ಬಂದೆವು.

ಅರ್ಜಿಯ ಜೊತೆ ಕೊಡಬೇಕಾದ ಕಾಗದಗಳನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಕುಳಿತ ಆ ಸಂಜೆಯ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ತಾಯ್ನಾಡಿನೊಂದಿಗೆ ನಿಮಗಿರುವ ಬಂಧಗಳೇನು ಎಂಬುದಕ್ಕೆ ಆಧಾರ ಬೇಕಾಗಿತ್ತು. ಅಂದರೆ ಇವಳನ್ನು ಹಿಂದಕ್ಕೆ ಎಳೆದು ತರುವುದು ಯಾವುದು? ಉದ್ಯೋಗ: ಶಾಲೆಯ ಮುಖ್ಯೋಪಾಧ್ಯಾಯಿನಿಯವರ ಪತ್ರವಿತ್ತು. ಬ್ಯಾಂಕ್ ಖಾತೆ: ಸಂಬಳದಲ್ಲಿ ಉಳಿಸಿದ ಒಂದಿಷ್ಟು ಹಣವಿತ್ತು. ಸ್ಥಿರಾಸ್ತಿ? ಅಜ್ಜ ತೀರಿಕೊಂಡ ಮೇಲೆ ಪಾಲಾಗದೆ ಉಳಿದ ಅಡಿಕೆ ತೋಟದ ಪಹಣಿ ಇತ್ತು. ಅದರಲ್ಲಿ ತಂದೆಯ ಮತ್ತು ಚಿಕ್ಕಪ್ಪಂದಿರ ಹೆಸರುಗಳಿದ್ದವು. ಅಜ್ಜನ ಹೆಣ್ಣುಮಕ್ಕಳ ಹೆಸರು ಅದರಲ್ಲಿರಲಿಲ್ಲ, ಇನ್ನು ಮೊಮ್ಮಗಳದು ಎಲ್ಲಿಂದ ಬರಬೇಕು? ಮನೆ ತಂದೆಯ ಹೆಸರಿನಲ್ಲಿ, ಸ್ಕೂಟರ್ ತಮ್ಮನ ಹೆಸರಿನಲ್ಲಿ. ಮಹರಿನ ಚಿನ್ನ ಅವಳದೇ, ಆದರೆ ಅದು ಮೈಮೇಲೆ ಬರುವ ಆಸ್ತಿ, ಊರಿಗೆ ಕಟ್ಟಿಹಾಕುವುದಿಲ್ಲ. ಹೆಣ್ಣಿಗೆ ಆಸ್ತಿಯ ಹಕ್ಕನ್ನು ಹದಿನಾಲ್ಕು ಶತಮಾನಗಳ ಹಿಂದೆಯೇ ಇಸ್ಲಾಮ್ ಕೊಟ್ಟಿದೆ ಎಂದು ನಾವು ವೇದಿಕೆಗಳಲ್ಲಿ ಹೇಳುತ್ತೇವೆ, ಸತ್ಯವೇ. ಊರಿನ ಕಂದಾಯ ದಾಖಲೆಯಲ್ಲಿ ಅದನ್ನು ತೋರಿಸಿ ಎಂದು ದೂರದ ದೇಶದ ಗುಮಾಸ್ತನೊಬ್ಬ ಕೇಳಿದಾಗ ಮೇಜಿನ ಮೇಲೆ ಒಂದು ಹಾಳೆಯೂ ಇರಲಿಲ್ಲ.

ಮಗಳು ಪೆನ್ನು ಹಿಡಿದುಕೊಂಡು, “ಉಮ್ಮ, ನಿಮ್ಮಿಬ್ಬರ ಹೆಸರು ಬರೆಯುತ್ತೇನೆ” ಎಂದಳು. ಬರೆದಳು ಕೂಡ. ಅವಳು ಮರಳಿ ಬರುತ್ತಾಳೆ ಎಂದು ನಾವೂ ಒಂದು ಪತ್ರ ಬರೆದು ಸಹಿ ಹಾಕಿದೆವು. ಮಗಳನ್ನು ಕೊಟ್ಟು ಕಳಿಸಿಕೊಡಬೇಕಾದ ತಂದೆ ತಾಯಿ, ಇವಳು ನಮ್ಮವಳು, ನಮ್ಮ ಬಳಿಗೇ ಬರುತ್ತಾಳೆ ಎಂದು ಸರಕಾರವೊಂದಕ್ಕೆ ಬರೆದುಕೊಡುವ ವಿಚಿತ್ರವನ್ನು ನಮ್ಮ ಹಿರಿಯರು ಕಂಡಿರಲಿಕ್ಕಿಲ್ಲ.

ಮೇ ಮೊದಲ ವಾರ ಉತ್ತರ ಬಂತು. ತಿರಸ್ಕಾರ. ಕೆನಡಾದಲ್ಲಿರುವ ನಿಮ್ಮ ಕೌಟುಂಬಿಕ ಸಂಬಂಧಗಳನ್ನು ನೋಡಿದರೆ ನೀವು ಅವಧಿ ಮುಗಿದಾಗ ಹೊರಡುತ್ತೀರಿ ಎಂಬುದು ಮನವರಿಕೆಯಾಗಿಲ್ಲ ಎಂಬ ಅರ್ಥದ ನಾಲ್ಕು ಸಾಲು, ನಿಯಮ 179ರ ಉಲ್ಲೇಖ. ಎಲ್ಲರಿಗೂ ಕಳಿಸುವ ಮಾದರಿ ಪತ್ರ. ಹೆಂಡತಿ ಎಂದು ಸಾಬೀತುಪಡಿಸಲು ಎಷ್ಟು ಕಷ್ಟಪಟ್ಟಿದ್ದೆವೋ ಅಷ್ಟೂ ಇಲ್ಲಿ ಅವಳ ವಿರುದ್ಧ ಸಾಕ್ಷಿಯಾಗಿತ್ತು.

ಸ್ಪಾನ್ಸರ್‌ಶಿಪ್ ಅರ್ಜಿ ತಿರಸ್ಕೃತವಾದರೆ ಕರೆಸಿಕೊಳ್ಳುವ ಗಂಡನಿಗೆ ಅಲ್ಲಿಯ ವಲಸೆ ಮೇಲ್ಮನವಿ ಮಂಡಳಿಗೆ ಹೋಗುವ ಹಕ್ಕಿದೆ. ವಿಸಿಟರ್ ವೀಸಾಕ್ಕೆ ಮೇಲ್ಮನವಿ ಇಲ್ಲ. ಫೆಡರಲ್ ಕೋರ್ಟಿಗೆ ಹೋಗಬಹುದು. ಅಲ್ಲಿಯೂ ಮೊದಲು ಅನುಮತಿ ಕೇಳಬೇಕು, ಗೆದ್ದರೆ ಸಾಮಾನ್ಯವಾಗಿ ವೀಸಾ ಸಿಗುವುದಿಲ್ಲ, ಬೇರೆ ಅಧಿಕಾರಿ ಮತ್ತೊಮ್ಮೆ ನೋಡುತ್ತಾರೆ. ವಕೀಲರ ಶುಲ್ಕ ಕೇಳಿ ಆ ಮಾತು ಬಿಟ್ಟೆವು. ಹೊಸ ಅರ್ಜಿ ಹಾಕುವುದಕ್ಕೆ ತಡೆಯಿಲ್ಲ. ಆದರೆ ಹಳೆಯದು ಯಾಕೆ ಬಿತ್ತು ಎಂದು ತಿಳಿಯದೆ ಹೊಸದು ಹಾಕುವುದು ಕತ್ತಲಲ್ಲಿ ಕಲ್ಲು ಎಸೆದಂತೆ. ಅಲ್ಲಿ ನೆಲೆಸಿದವರು ಐದು ಡಾಲರ್ ಕಟ್ಟಿ ಮಾಹಿತಿ ಹಕ್ಕಿನ ಕಾಯ್ದೆಯಲ್ಲಿ ಕಡತದ ಟಿಪ್ಪಣಿ ಕೇಳಬಹುದು, ನಮ್ಮ ಆರ್.ಟಿ.ಐ. ಇದ್ದಂತೆ. ಅಳಿಯ ಕೇಳಿದರು. ಟಿಪ್ಪಣಿ ಬಂತು. ಗಂಡ ಅಲ್ಲಿ, ಆಸ್ತಿಯ ದಾಖಲೆ ಇಲ್ಲ, ರಜೆ ಎಷ್ಟು ದಿನ ಎಂಬುದು ಶಾಲೆಯ ಪತ್ರದಲ್ಲಿಲ್ಲ. ನಮ್ಮ ಪತ್ರದ ಬಗ್ಗೆ ಒಂದು ಮಾತೂ ಇರಲಿಲ್ಲ.

ಆ ಅಧಿಕಾರಿಯನ್ನು ಬೈದು ಸುಮ್ಮನಾಗುವುದು ಸುಲಭ. ಹಣಕ್ಕಾಗಿ, ಕಾಗದಕ್ಕಾಗಿ ಕಟ್ಟಿಕೊಳ್ಳುವ ಹುಸಿ ಮದುವೆಗಳು ಇವೆ, ಇಲ್ಲವೆನ್ನಲು ನಾವು ಯಾರು? ಅಂಥವನ್ನು ತಡೆಯಲೆಂದು ಅದೇ ಕೆನಡಾ 2012ರ ಅಕ್ಟೋಬರಿನಲ್ಲಿ ಒಂದು ಷರತ್ತು ತಂದಿತ್ತು. ಮದುವೆಯಾಗಿ ಹೆಚ್ಚು ಕಾಲವಾಗದ, ಮಕ್ಕಳಿಲ್ಲದ ದಂಪತಿ ಎರಡು ವರ್ಷ ಒಟ್ಟಿಗೆ ಬಾಳಲೇಬೇಕು, ಇಲ್ಲವಾದರೆ ಬಂದವರ ಖಾಯಂ ವಾಸ ರದ್ದಾಗಬಹುದು. ಹೊಡೆಯುವ ಗಂಡನನ್ನು ಬಿಟ್ಟುಬರಲಾಗದೆ ಹೆಂಗಸರು ಸಿಕ್ಕಿಹಾಕಿಕೊಳ್ಳುವಂತಾಗುತ್ತದೆ ಎಂಬ ಟೀಕೆ ಬಲವಾಗಿ ಬಂತು. 2017ರ ಏಪ್ರಿಲಿನಲ್ಲಿ ಆ ಷರತ್ತನ್ನು ತೆಗೆದರು. ಹೆಣ್ಣು ಮಕ್ಕಳ ಹೆತ್ತವರಾಗಿ ಈ ಸಂಗತಿಯನ್ನು ತಿಳಿದುಕೊಂಡದ್ದು ಒಳ್ಳೆಯದಾಯಿತು. ಗಂಡನನ್ನು ಬಿಟ್ಟರೆ ದೇಶ ಬಿಡಬೇಕಾಗುತ್ತದೆ ಎಂದು ಅಲ್ಲಿಗೆ ಹೋದ ಹುಡುಗಿಯನ್ನು ಯಾರಾದರೂ ಹೆದರಿಸಿದರೆ ಅದು ಈಗ ಸುಳ್ಳು. ಖಾಯಂ ವಾಸ ಸಿಕ್ಕಿದ ಮೇಲೆ ಅದು ಅವಳದೇ.

ನಮ್ಮ ಅರ್ಜಿ ಬಿದ್ದು ಮೂರು ವಾರವಾಗಿತ್ತು. ಮೇ ಕೊನೆಯಲ್ಲಿ ಕೆನಡಾದ ಸರಕಾರ ಒಂದು ಘೋಷಣೆ ಮಾಡಿತು. ಸ್ಪಾನ್ಸರ್‌ಶಿಪ್ ಅರ್ಜಿ ಹಾಕಿ ಕಾಯುತ್ತಿರುವ ಗಂಡ ಹೆಂಡತಿಯರ ವಿಸಿಟರ್ ವೀಸಾಗಳನ್ನು ಬೇರೆಯಾಗಿಯೇ ಪರಿಶೀಲಿಸುತ್ತೇವೆ, ಹೆಚ್ಚಿನವನ್ನು 30 ದಿನಗಳಲ್ಲಿ ತೀರ್ಮಾನಿಸುತ್ತೇವೆ ಎಂದಿತು. ಇತ್ತೀಚಿನ ತಿಂಗಳುಗಳಲ್ಲಿ ಇಂಥ ಅರ್ಜಿಗಳಲ್ಲಿ ಶೇಕಡ 90ಕ್ಕಿಂತ ಹೆಚ್ಚು ಮಂಜೂರಾಗಿವೆ ಎಂದೂ ಹೇಳಿತು. ಉಳಿದ ಹತ್ತರಲ್ಲಿ ನಮ್ಮ ಮಗಳೂ ಒಬ್ಬಳು ಎಂದು ನಾವು ನಕ್ಕೆವು. ಆಗ ನಗು ಬಂತು ಎನ್ನುವುದೇ ದೊಡ್ಡದು.

ಆಗಸ್ಟಿನಲ್ಲಿ ಎರಡನೇ ಅರ್ಜಿ. ಈ ಸಲ ಮೊದಲ ಪುಟದಲ್ಲೇ ಸ್ಪಾನ್ಸರ್‌ಶಿಪ್ ಅರ್ಜಿಯ ಸಂಖ್ಯೆ, ಅದು ತಲುಪಿದ್ದಕ್ಕೆ ಬಂದ ಸ್ವೀಕೃತಿ ಪತ್ರ, 22ನೇ ಸೆಕ್ಷನಿನ ಉಲ್ಲೇಖ. ಶಾಲೆಯ ಪತ್ರದಲ್ಲಿ ರಜೆ ಇಂಥ ದಿನದಿಂದ ಇಂಥ ದಿನದವರೆಗೆ, ಶಾಲೆ ತೆರೆಯುವಾಗ ಈ ಶಿಕ್ಷಕಿ ಹಾಜರಿರಬೇಕು ಎಂದಿತ್ತು. ಆರು ತಿಂಗಳು ಕೇಳಲಿಲ್ಲ, ಎಂಟು ವಾರ ಮಾತ್ರ. ಗಂಡನನ್ನು ನೋಡಲು ಹೋಗುತ್ತಿದ್ದೇನೆ, ಖಾಯಂ ವಾಸದ ತೀರ್ಮಾನವನ್ನು ಊರಿನಲ್ಲಿದ್ದೇ ಕಾಯುತ್ತೇನೆ, ನಿಯಮ ಮೀರಿ ನಿಂತರೆ ಆ ಅರ್ಜಿಗೇ ಕುತ್ತು ಎಂದು ಗೊತ್ತಿರುವುದರಿಂದ ಮರಳುವುದು ನನ್ನದೇ ಹಿತ ಎಂದು ಮಗಳು ಬರೆದಿದ್ದಳು. ಈ ಕೊನೆಯ ಮಾತು ನಮಗೆ ಬಹಳ ಹಿಡಿಸಿತು. ಅದರಲ್ಲಿ ಗೋಗರೆಯುವ ಧ್ವನಿ ಇರಲಿಲ್ಲ.

ಮೂವತ್ತು ದಿನ ಎಣಿಸುತ್ತಿರುವಾಗ ಸೆಪ್ಟೆಂಬರಿನಲ್ಲಿ ಭಾರತಕ್ಕೂ ಕೆನಡಾಕ್ಕೂ ಮಾತು ಕೆಟ್ಟಿತು. ಭಾರತ ಕೆನಡಾದವರಿಗೆ ವೀಸಾ ನಿಲ್ಲಿಸಿತು. ಅಕ್ಟೋಬರಿನಲ್ಲಿ ಕೆನಡಾ ತನ್ನ 41 ರಾಜತಾಂತ್ರಿಕರನ್ನು ವಾಪಸು ಕರೆಸಿಕೊಂಡಿತು. ಭಾರತದಲ್ಲಿದ್ದ ಅದರ ವಲಸೆ ಸಿಬ್ಬಂದಿ 27ರಿಂದ 5ಕ್ಕೆ ಇಳಿಯಿತು. ದೊಡ್ಡವರ ಜಗಳದಲ್ಲಿ ಒಬ್ಬ ಶಿಕ್ಷಕಿಯ ಎಂಟು ವಾರಗಳ ರಜೆಯ ಲೆಕ್ಕ ಯಾರಿಗೆ ಬೇಕು? ಟಿ.ವಿ.ಯಲ್ಲಿ ದಿನವೂ ಚರ್ಚೆ ನಡೆಯುತ್ತಿತ್ತು, ನಾವು ಧ್ವನಿ ಕಡಿಮೆ ಮಾಡಿ ನೋಡುತ್ತಿದ್ದೆವು. ವೀಸಾ ಡಿಸೆಂಬರ್ ಕೊನೆಗೆ ಮಂಜೂರಾಯಿತು. ನಿಕಾಹ್ ಆಗಿ ಅಷ್ಟರಲ್ಲಿ ಒಂದು ವರ್ಷ ದಾಟಿತ್ತು.

2024ರ ಏಪ್ರಿಲ್ ಮೊದಲ ವಾರ, ರಮಝಾನಿನ ಕೊನೆಯ ಹತ್ತರಲ್ಲಿ ಅವಳು ಹೊರಟಳು. ಪೆರ್ನಾಲ್ ಇಬ್ಬರಿಗೂ ಮಿಸಿಸಾಗದಲ್ಲಾಯಿತು. ಹೊಸ ನಿಯಮದಂತೆ ಅಲ್ಲಿದ್ದುಕೊಂಡೇ ಕೆಲಸದ ಪರವಾನಿಗೆಗೆ ಅರ್ಜಿ ಹಾಕಬಹುದು, ವಾಸದ ಅವಧಿ ವಿಸ್ತರಿಸಲೂ ಕೇಳಬಹುದು ಎಂದು ಅಲ್ಲಿಯ ಗೆಳತಿಯರು ಹೇಳಿದರಂತೆ. ಅದು ಕಾನೂನುಬದ್ಧವೇ, ಹಾಗೆ ಉಳಿದವರನ್ನು ನಾವು ತಪ್ಪೆನ್ನುವುದಿಲ್ಲ. ಮಗಳು ಮಾತ್ರ ಮೇ ಕೊನೆಗೆ ಮಂಗಳೂರಿನ ವಿಮಾನ ನಿಲ್ದಾಣದಲ್ಲಿಳಿದಳು. ಶಾಲೆ ತೆರೆಯಲು ಎರಡು ದಿನವಿತ್ತು. ಯಾಕೆ ಬಂದೆ ಎಂದು ಊರಿನಲ್ಲಿ ಕೆಲವರು ಕೇಳಿದರು. ಗಂಡನೊಂದಿಗೆ ಏನಾದರೂ ಬಿಗಡಾಯಿಸಿತೇ ಎಂದು ಒಂದಿಬ್ಬರು ನಮ್ಮಲ್ಲೇ ಮೆಲ್ಲನೆ ವಿಚಾರಿಸಿದರು. ಬರುತ್ತೇನೆ ಎಂದು ಬರೆದುಕೊಟ್ಟಿದ್ದಳು, ಬಂದಳು ಎಂದೆವು. ಅಧಿಕಾರಿ ನಂಬಿದ್ದನ್ನು ಊರು ನಂಬಲು ಸ್ವಲ್ಪ ತಡವಾಯಿತು.

ಖಾಯಂ ವಾಸದ ಅನುಮತಿ ಬಂದದ್ದು ಆ ವರ್ಷದ ಕೊನೆಯಲ್ಲಿ. ಶಾಲೆಗೆ ರಾಜೀನಾಮೆ ಕೊಟ್ಟು ಹೋದಳು. ಆ ಸಲ ಬೀಳ್ಕೊಡುವಾಗ ಯಾವ ಪತ್ರಕ್ಕೂ ಸಹಿ ಹಾಕಬೇಕಾಗಿರಲಿಲ್ಲ.

ಅಜ್ಜನ ತೋಟದ ಪಾಲುಪಟ್ಟಿ ಅದಕ್ಕೂ ಮುಂಚೆ, 2024ರ ಮಳೆಗಾಲದಲ್ಲಿ ಆಗಿತ್ತು. ಚಿಕ್ಕಪ್ಪಂದಿರನ್ನು ಕೂರಿಸಿ ಮೊದಲು ಅತ್ತೆಯರಿಬ್ಬರ ಪಾಲನ್ನು ಬರೆಸಿದೆವು. ಇಷ್ಟು ವರ್ಷ ಇಲ್ಲದ್ದು ಈಗ ಯಾಕೆ ಎಂದು ಒಬ್ಬರು ಕೇಳಿದಾಗ ವೀಸಾ ಅರ್ಜಿಯ ಕಥೆ ಹೇಳಬೇಕಾಯಿತು. ನಮ್ಮ ಭಾಗಕ್ಕೆ ಬಂದದ್ದರಲ್ಲಿ ಮಗನಿಗೂ ಮಗಳಿಗೂ ಸಮನಾಗಿ ಹಿಬಾ ಮಾಡಿ ನೋಂದಾಯಿಸಿದೆವು. ಖಾತೆ ಬದಲಾಗಿ ಪಹಣಿ ಕೈಗೆ ಬರುವಾಗ ಅವಳು ಕೆನಡಾ ಸೇರಿ ಮೂರು ತಿಂಗಳಾಗಿತ್ತು. ಅದರ ಫೋಟೋ ತೆಗೆದು ಕಳಿಸಿ ಎಂದು ಹೇಳಿದಳು. ಈಗ ಯಾವ ಅರ್ಜಿಗೆ ಮಗಳೇ ಎಂದು ಕೇಳಿದೆವು. ಅರ್ಜಿಗಲ್ಲ ಉಮ್ಮ, ನೋಡಲಿಕ್ಕೆ ಎಂದಳು.